ಕೆಚ್ಚಲು ಬಾವು: ಆರ್ಥಿಕ ನಷ್ಟ

ಕೆಚ್ಚಲು ಬಾವು ಎಂದರೆ ಹಸು, ಎಮ್ಮೆಗಳ ಕೆಚ್ಚಲಿಗೆ ಮುಖ್ಯವಾಗಿ ಬ್ಯಾಕ್ಟೀರಿಯಾಗಳಿಂದ ತಗಲುವ ಉರಿಯೂತ. ಹೈನುಗಾರಿಕೆಗೆ ಅತಿ ದುಬಾರಿಯಾದ ರೋಗಗಳಲ್ಲಿ ಇದೂ ಒಂದು. ಕೆಚ್ಚಲು ಊದಿ ಹಾಲು ಒಡೆದಾಗ ರೈತನ ಲೆಕ್ಕಕ್ಕೆ ಮೊದಲು ಬರುವುದು ಔಷಧಿಯ ಖರ್ಚು. ಆ್ಯಂಟಿಬಯೋಟಿಕ್‌ನ ಅಂಶ ಇಳಿಯುವವರೆಗೆ ಹಾಲನ್ನು ಡೇರಿಗೆ ಹಾಕುವಂತಿಲ್ಲ. ಹಿಂಡಿ, ಮೇವಿನ ಖರ್ಚು ಮಾತ್ರ ನಿಲ್ಲದು. ಮೊಲೆಯೊಂದು ಬತ್ತಿಹೋದರೆ ಹಸುವಿನ ಬೆಲೆಯೇ ಕುಸಿಯುತ್ತದೆ.

ನಷ್ಟದ ದೊಡ್ಡ ಪಾಲು ಸುಪ್ತ ಬಾವಿನದು. ಊತವಿಲ್ಲ, ಜ್ವರವಿಲ್ಲ, ಹಾಲಿನ ಬಣ್ಣವೂ ಕೆಡದು. ಇಳುವರಿ ಮಾತ್ರ ಸದ್ದಿಲ್ಲದೆ ಇಳಿಯುತ್ತದೆ. ಬಾವು ಬಂದ ಕೆಚ್ಚಲಿನ ಹಾಲಿನಲ್ಲಿ ಲ್ಯಾಕ್ಟೋಸ್, ಕೇಸಿನ್ ತಗ್ಗುವುದರಿಂದ ಕೊಬ್ಬು ಮತ್ತು ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ನೋಡಿ ದರ ಕಟ್ಟುವ ಕಡೆ ಲೀಟರಿನ ಬೆಲೆಗೂ ಪೆಟ್ಟು ಬೀಳಬಹುದು. ಬರದ ಹಾಲಿಗೆ ರಸೀದಿ ಇರುವುದಿಲ್ಲವಾದ್ದರಿಂದ ಸಣ್ಣ ಹಿಡುವಳಿದಾರ ಈ ನಷ್ಟವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಹಾಲಿನ ದೇಹಕೋಶಗಳ ಎಣಿಕೆ ಸುಪ್ತ ಬಾವಿನ ಮುಖ್ಯ ಸೂಚಕ. ಮಿಲಿಲೀಟರಿಗೆ 2 ಲಕ್ಷ ದಾಟಿದರೆ ಸೋಂಕಿನ ಶಂಕೆ. ಐರೋಪ್ಯ ಒಕ್ಕೂಟದಲ್ಲಿ ಹಸಿಹಾಲಿನ ಮಿತಿ 4 ಲಕ್ಷ. ಕೊಟ್ಟಿಗೆಯಲ್ಲೇ ಮಾಡಬಹುದಾದ ಕ್ಯಾಲಿಫೋರ್ನಿಯಾ ಪರೀಕ್ಷೆ 1957ರಿಂದ ಬಳಕೆಯಲ್ಲಿದೆ: ನಾಲ್ಕು ಗುಳಿಯ ತಟ್ಟೆಗೆ ನಾಲ್ಕೂ ಮೊಲೆಗಳ ಹಾಲು ಹಿಂಡಿ, ದ್ರಾವಣ ಬೆರೆಸಿ ಅಲುಗಾಡಿಸಿದರೆ ರೋಗದ ಹಾಲು ಲೋಳೆಗಟ್ಟುತ್ತದೆ.

ತಡೆಗಟ್ಟುವುದು ಚಿಕಿತ್ಸೆಗಿಂತ ಬಹಳ ಅಗ್ಗ. ಕರೆದ ಮೇಲೆ ಮೊಲೆಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಬೇಕು. ಮೊಲೆತೂತು ಮುಚ್ಚಿಕೊಳ್ಳಲು ಅರ್ಧ ಗಂಟೆಗೂ ಹೆಚ್ಚು ಹಿಡಿಯುವುದರಿಂದ, ಅಷ್ಟು ಹೊತ್ತು ಹಸು ಮಲಗದಂತೆ ಮೇವು ಹಾಕಿ ನಿಲ್ಲಿಸಬೇಕು.