ಬಿಟ್ಟು ನಡೆದ ಅಕ್ಕನ ಹಾಡು

ಮುರಿದ ದಾಂಪತ್ಯದಿಂದ ಎದ್ದು ಬಂದ ಹೆಣ್ಣಿನ ದಿಟ್ಟ ದನಿಗೆ ಶಿವಮೊಗ್ಗ ಸೀಮೆಯಲ್ಲಿ 12ನೇ ಶತಮಾನದಷ್ಟು ಹಳೆಯ ಬೇರಿದೆ. ಶಿಕಾರಿಪುರ ತಾಲ್ಲೂಕಿನ ಉಡುತಡಿ ಅಕ್ಕಮಹಾದೇವಿಯ ಹುಟ್ಟೂರು. ಹರಿಹರನ ‘ಮಹಾದೇವಿಯಕ್ಕನ ರಗಳೆ’ಯ ಪ್ರಕಾರ ಅರಸ ಕೌಶಿಕನನ್ನು ಆಕೆ ವರಿಸಿದ್ದು ಮೂರು ಷರತ್ತುಗಳ ಮೇಲೆ. ಮೂರನ್ನೂ ಅವನು ಮೀರಿದಾಗ ಉಟ್ಟ ಬಟ್ಟೆ, ತೊಟ್ಟ ಒಡವೆ ಅಲ್ಲೇ ಬಿಟ್ಟು ಹೊರನಡೆದಳು. ಮೈಗೆ ಕೂದಲೇ ಹೊದಿಕೆ. ಆದರೆ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಮದುವೆಯೇ ನಡೆಯುವುದಿಲ್ಲ.

ಮುಂದೆ ಶರಣರ ನೆಲೆಯಾದ ಕಲ್ಯಾಣದಲ್ಲಿ ಅವಳನ್ನು ಒರೆಗೆ ಹಚ್ಚಿದವನು ಅದೇ ಸೀಮೆಯ, ಬಳ್ಳಿಗಾವೆಯ ಅಲ್ಲಮಪ್ರಭು ಎನ್ನುತ್ತದೆ ‘ಶೂನ್ಯಸಂಪಾದನೆ’. ಅಲ್ಲಿಂದ ಅವಳ ದಾರಿ ಶ್ರೀಶೈಲದ ಕದಳಿಗೆ. ‘ಚೆನ್ನಮಲ್ಲಿಕಾರ್ಜುನ’ ಅಂಕಿತದ ಅವಳ ವಚನಗಳಿಗೆ 20ನೇ ಶತಮಾನದಲ್ಲಿ ಮಲ್ಲಿಕಾರ್ಜುನ ಮನ್ಸೂರರಂಥವರು ಹಿಂದೂಸ್ತಾನಿ ರಾಗದ ಮೈ ಕೊಟ್ಟರು. ಊರೂರಿನ ಅಕ್ಕನ ಬಳಗಗಳಲ್ಲಿ ಹೆಂಗಸರು ಇಂದಿಗೂ ಅವನ್ನು ಹಾಡುತ್ತಾರೆ.