ಕೊಂಡ ಚೀಟಿ ಕಳೆದ ಷೇರುಗಳು: ತೆರಿಗೆ ಕಾನೂನು ನಡೆದು ಬಂದ ದಾರಿ

ನಮ್ಮ ಕಾಸರಗೋಡಿನ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಜಾಗದ ದಾಖಲೆಗಳ ಜೊತೆ ಷೇರುಪತ್ರಗಳೂ ಸಿಗುವುದುಂಟು. ಇದರ ಹಿಂದೆ ಒಂದು ಚರಿತ್ರೆಯಿದೆ. 1956ರ ನವೆಂಬರ್ 1ರವರೆಗೆ ನಾವು ದಕ್ಷಿಣ ಕನ್ನಡ ಜಿಲ್ಲೆಯವರಾಗಿದ್ದೆವು. ಮುಂದೆ ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ ಎಂದು ಹೆಸರಾದ ಬ್ಯಾಂಕುಗಳೂ 1924ರ ಕರ್ಣಾಟಕ ಬ್ಯಾಂಕೂ ಹುಟ್ಟಿದ್ದು ಆ ಜಿಲ್ಲೆಯಲ್ಲೇ. 1969 ಮತ್ತು 1980ರಲ್ಲಿ ಮೊದಲ ನಾಲ್ಕು ರಾಷ್ಟ್ರೀಕರಣಗೊಂಡವು. ಕರ್ಣಾಟಕ ಬ್ಯಾಂಕ್ ಖಾಸಗಿಯಾಗಿಯೇ ಉಳಿಯಿತು.

ಅಜ್ಜ ಕೊಂಡ ಷೇರು ಉಳಿದಿದೆ, ಎಷ್ಟಕ್ಕೆ ಕೊಂಡರೆಂಬ ಚೀಟಿ ಇಲ್ಲ. ಮಾರಿದರೆ ಲಾಭ ಎಷ್ಟೆಂದು ತೋರಿಸುವುದು ಹೇಗೆ? ಈ ಪ್ರಶ್ನೆ ಕಾನೂನಿಗೂ ಹೊಸತಲ್ಲ.

ಬಂಡವಾಳ ಲಾಭಕ್ಕೆ ನಮ್ಮ ದೇಶದಲ್ಲಿ ಮೊದಲು ತೆರಿಗೆ ಹಾಕಿದ್ದು 1947ರ ಬಜೆಟ್‌ನಲ್ಲಿ, ಲಿಯಾಖತ್ ಅಲಿ ಖಾನ್. 1949ರಲ್ಲಿ ಅದು ರದ್ದಾಯಿತು. ಅರ್ಥಶಾಸ್ತ್ರಜ್ಞ ಕಾಲ್ಡೋರ್ ಅವರ ವರದಿಯ ನಂತರ ಟಿ.ಟಿ. ಕೃಷ್ಣಮಾಚಾರಿ ಅದನ್ನು ಮತ್ತೆ ತಂದರು. ಅದು ನಾವು ಕೇರಳಕ್ಕೆ ಸೇರಿದ 1956ನೇ ಇಸವಿಯೇ!

ಬಹಳ ಹಳೆಯ ಆಸ್ತಿಯ ಬೆಲೆ ಹುಡುಕುವುದು ಕಷ್ಟವೆಂದು ಆಗಲೇ ಅರಿವಿತ್ತು. ಆದ್ದರಿಂದ ಕೊಂಡ ಬೆಲೆಯ ಬದಲು 1954ರ ಜನವರಿ 1ರ ಮಾರುಕಟ್ಟೆ ಬೆಲೆಯನ್ನು ಹಿಡಿಯಲು ಅವಕಾಶವಿತ್ತು. ಕಾಲ ಸರಿದಂತೆ ಆ ದಿನಾಂಕ 1964, 1974, 1981 ಎಂದು ಮುಂದೆ ಸಾಗಿ 2001ರ ಏಪ್ರಿಲ್ 1ಕ್ಕೆ ಬಂತು.

ಹಾಗಾದರೆ ಚೀಟಿಗಳನ್ನು ಜೋಪಾನ ಮಾಡುವ ರೂಢಿ ತಪ್ಪಿದ್ದೇಕೆ? 1996ರಲ್ಲಿ ಡಿಪಾಸಿಟರಿ ಕಾಯಿದೆ ಬಂದು ಕಾಗದದ ಷೇರು ಡಿಮ್ಯಾಟ್ ಆಗತೊಡಗಿತು. ಡಿಮ್ಯಾಟ್ ಖಾತೆಯಲ್ಲಿ ಷೇರುಗಳ ಸಂಖ್ಯೆ ಕಾಣುತ್ತದೆ, ಹಿಂದೆ ಕೊಟ್ಟ ಬೆಲೆ ತಾನಾಗಿ ಬರುವುದಿಲ್ಲ. ಅದರ ಮೇಲೆ 2004ರ ಅಕ್ಟೋಬರ್ 1ರಿಂದ 2018ರ ಮಾರ್ಚ್ 31ರವರೆಗೆ, ವರ್ಷ ದಾಟಿ ಇಟ್ಟುಕೊಂಡ ಷೇರನ್ನು ವಿನಿಮಯ ಕೇಂದ್ರದಲ್ಲಿ ಮಾರಿದರೆ ಲಾಭಕ್ಕೆ ತೆರಿಗೆಯೇ ಇರಲಿಲ್ಲ. ತೆರಿಗೆ ಇಲ್ಲದಾಗ ಚೀಟಿ ಯಾರಿಗೆ ಬೇಕು?

2018ರಲ್ಲಿ ತೆರಿಗೆ ಮರಳಿದಾಗ ಹಿಂದಿನ ಲಾಭಕ್ಕೆ ರಕ್ಷಣೆ ಕೊಟ್ಟರು. 2018ರ ಜನವರಿ 31ರಂದು ಕೈಯಲ್ಲಿದ್ದ ಷೇರಿಗೆ ಆ ದಿನದ ಗರಿಷ್ಠ ಬೆಲೆ, ಮಾರಿದ ಬೆಲೆ ಇವೆರಡರಲ್ಲಿ ಕಡಿಮೆಯದನ್ನು ಕೊಂಡ ಬೆಲೆಯೆಂದು ಹಿಡಿಯಬಹುದು. ನಿಜವಾಗಿ ಕೊಂಡ ಬೆಲೆ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಅದೇ ಲೆಕ್ಕಕ್ಕೆ ಬರುತ್ತದೆ.

ಕರಿಹಲಗೆಯ ಮೇಲೆ ಬರೆದು ನೋಡುವಂಥ ಒಂದು ಲೆಕ್ಕ. ನಮ್ಮಲ್ಲಿ 1,000 ಷೇರುಗಳಿವೆ ಎನ್ನೋಣ. ಆ ದಿನದ ಬೆಲೆ 300 ರೂಪಾಯಿ, ಮಾರಿದ್ದು 500ಕ್ಕೆ. ಚೀಟಿ ಇಲ್ಲವೆಂದು ಕೊಂಡ ಬೆಲೆ ಸೊನ್ನೆ ಬರೆದರೆ ಲಾಭ 5 ಲಕ್ಷ. ವಿನಾಯಿತಿಯ 1.25 ಲಕ್ಷ ಕಳೆದು, 2024ರ ಜುಲೈ 23ರಿಂದ ಬಂದ ಶೇ. 12.5ರ ದರದಲ್ಲಿ ತೆರಿಗೆ 46,875 ರೂಪಾಯಿ. 300 ಎಂದು ಬರೆದರೆ ಲಾಭ 2 ಲಕ್ಷ, ತೆರಿಗೆ 9,375 ಮಾತ್ರ. ಸೆಸ್ ಬೇರೆ. ಪಿಂಚಣಿಯಲ್ಲಿ ಬದುಕುವ ಮನೆಗೆ ಈ ವ್ಯತ್ಯಾಸ ಸಣ್ಣದಲ್ಲ.

ಷೇರು ಹಿರಿಯರಿಂದ ಬಂದಿದ್ದರೆ ಅವರು ಕೊಂಡ ಬೆಲೆ ಮತ್ತು ಇಟ್ಟುಕೊಂಡ ಕಾಲ ಎರಡೂ ನಮ್ಮವಾಗುತ್ತವೆ. ಆದರೆ 2018ರ ಜನವರಿ 31ರ ನಂತರ ಸಿಕ್ಕ ಬೋನಸ್ ಷೇರಿಗೆ ಈ ರಕ್ಷಣೆಯಿಲ್ಲ, ಅದರ ಬೆಲೆ ಸೊನ್ನೆಯೇ. ಆ ದಿನದ ನಂತರ ಷೇರು ವಿಭಜನೆಯಾಗಿದ್ದರೆ 300ನ್ನೂ ಅದೇ ಪ್ರಮಾಣದಲ್ಲಿ ಇಳಿಸಬೇಕು.

ಒಟ್ಟಿನಲ್ಲಿ, ಹಳೆಯ ಷೇರಿಗೆ ಬೆಲೆಯ ಚೀಟಿಗಿಂತ ದಿನಾಂಕದ ಸಾಕ್ಷಿ ಮುಖ್ಯ. ಷೇರುಪತ್ರದ ಬೆನ್ನಿನ ವರ್ಗಾವಣೆ ಮುದ್ರೆ, ಹಳೆಯ ಡಿಮ್ಯಾಟ್ ವಿವರಪಟ್ಟಿ, ಲಾಭಾಂಶ ಜಮೆಯಾದ ಪಾಸ್‌ಪುಸ್ತಕ, ಕಂಪನಿಯ ರಿಜಿಸ್ಟ್ರಾರರ ದಾಖಲೆ ಇವೆಲ್ಲ ಸಾಕ್ಷಿ ಹೇಳಬಲ್ಲವು. ಹಳೆಯ ಪಾಸ್‌ಪುಸ್ತಕಗಳನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಪುಟ ತಿರುವಿ ನೋಡೋಣ. ಮನೆಯ ಚರಿತ್ರೆ ಅಲ್ಲಿಯೂ ಇರುತ್ತದೆ.