ಜಿನ್ ಎಂಬ ಪದದ ಇತಿಹಾಸ

ಯಾವಗಲ್ಲಿನ ಎರೆಹೊಲದ ರೈತರಿಗೆ ‘ಜಿನ್’ ಹೊಸ ಮಾತಲ್ಲ. ಹತ್ತಿಯಿಂದ ಕಾಳು ಬಿಡಿಸಿ ಅರಳೆ ತೆಗೆಯುವ ಯಂತ್ರ ಅದು. ಇಂಗ್ಲಿಷ್ ನಿಘಂಟಿನಲ್ಲಿ ಇದೇ ಪದಕ್ಕೆ ಒಂದು ಬಗೆಯ ಮದ್ಯ ಎಂಬ ಅರ್ಥವೂ ಇದೆ. ಮದ್ಯದ ಹೆಸರು ಜುನಿಪರ್ ಗಿಡದಿಂದ ಬಂದದ್ದು. ಯಂತ್ರದ ಹೆಸರು ‘ಎಂಜಿನ್’ ಪದದ ಮೊಟಕು ರೂಪ. ಎಂಜಿನ್ ಪದದ ಮೂಲ ಲ್ಯಾಟಿನ್ನಿನ ‘ಇಂಗೇನಿಯಂ’, ಅಂದರೆ ಹುಟ್ಟುಜಾಣ್ಮೆ.

ಅಮೆರಿಕದ ಎಲೈ ವಿಟ್ನಿ 1794ರಲ್ಲಿ ಹತ್ತಿ ಜಿನ್ನಿಗೆ ಪೇಟೆಂಟ್ ಪಡೆದನು. 1840ರ ದಶಕದಲ್ಲಿ ಕಂಪನಿ ಸರ್ಕಾರವು ಧಾರವಾಡ ಜಿಲ್ಲೆಯಲ್ಲಿ ಅಮೆರಿಕದ ಹತ್ತಿಬೀಜ ಬಿತ್ತಿಸಿತು. 1997ರಲ್ಲಿ ಗದಗ ಜಿಲ್ಲೆಯಾಗುವವರೆಗೆ ನಮ್ಮ ರೋಣ ತಾಲ್ಲೂಕೂ ಅದೇ ಜಿಲ್ಲೆಯಲ್ಲಿತ್ತು. ಆ ಬೀಜದ ಬೆನ್ನಿಗೇ ಜಿನ್ ಯಂತ್ರವೂ, ಅದರ ಹೆಸರೂ ಈ ಸೀಮೆಗೆ ಬಂದವು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ಸಿಗದಾದಾಗ ಧಾರವಾಡದ ಹತ್ತಿಗೆ ಬೆಲೆ ಏರಿತು. ಯುದ್ಧ ಮುಗಿದ ಮೇಲೆ ಇಳಿಯಿತು.

ಬಿ.ಇ. ಓದಿ ಸಾಫ್ಟ್‌ವೇರ್ ಎಂಜಿನಿಯರ್ ಆದ ನನ್ನ ಹುದ್ದೆಯ ಹೆಸರೂ ಹತ್ತಿ ಜಿನ್ನಿನ ಹೆಸರೂ ಒಂದೇ ಬೇರಿನವು. ಇಂಗ್ಲಿಷ್ ಪದ ಕಂಡರೆ ಅಂಜುವ ನಮ್ಮ ಶಾಲೆಯ ತಮ್ಮ ತಂಗಿಯರೇ, ನಿಘಂಟಿನಲ್ಲಿ ಅರ್ಥದ ಜೊತೆಗೆ ಪದದ ಮೂಲವನ್ನೂ ಓದಿರಿ. ಅವುಗಳಲ್ಲಿ ಕೆಲವು ನಿಮ್ಮ ಅಪ್ಪ, ಅವ್ವ ದಿನವೂ ಆಡುವ ಮಾತುಗಳೇ ಆಗಿರುತ್ತವೆ.